ಹದಿನೆಂಟು ದಾಟಿದವರ ಮಾತು ಕೇಳಿಸದ ಮಾಮಾ

ನಮ್ಮ ಮಾಮಾನ ಕಿವಿಯಲ್ಲಿ ಯಾವ ದೋಷವೂ ಇಲ್ಲ. ಬೆಳಗಾವಿಯ ಕಿವಿ ಡಾಕ್ಟರೇ ಮಶೀನು ಹಚ್ಚಿ ನೋಡಿ ಹೇಳಿದ್ದಾರೆ. ಆದರೆ ಹದಿನೆಂಟು ದಾಟಿದವರು ಆಡಿದ್ದು ಆ ಕಿವಿಗೆ ಕೇಳಿಸುವುದಿಲ್ಲ! ಊಟಕ್ಕೆ ಏಳಿರೆಂದು ಮಾಮಿ ಮೂರು ಸಲ ಕೂಗಿದರೆ ಗೋಡೆ ಎದ್ದೀತು, ಮಾಮಾ ಏಳರು. ಅದೇ ಪಕ್ಕದ ಮನೆಯ ಆರು ವರ್ಷದ ಪೋರಿ ಕಿಟಕಿಯಲ್ಲಿ ಮೆಲ್ಲಗೆ ‘ಅಜ್ಜಾರ’ ಅಂದರೆ ಸಾಕು, ಎದ್ದು ಚಪ್ಪಲಿ ಹುಡುಕುತ್ತಾರೆ. ಸ್ವಂತ ಮಗಳ ಮಾತು ಕೂಡ ಒಂದು ಕಾಲದಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಹುಡುಗಿಗೆ ಓಟು ಹಾಕುವ ಹಕ್ಕು ಬಂತು, ಅಪ್ಪನ ಕಿವಿ ಹೋಯಿತು.

(ಇಷ್ಟು ಬರೆದು ಒಮ್ಮೆ ತಲೆ ಎತ್ತಿ ಮೇಲೆ ನೋಡಿದೆ. ನಮ್ಮದು ಸಿಮೆಂಟಿನ ಸ್ಲ್ಯಾಬು, ಗಟ್ಟಿಯಾಗಿದೆ. ಆದರೂ ನೋಡಿದೆ. ಈಗೀಗ ಇದೊಂದು ಚಟ. ಯಾಕೆಂದು ಹೇಳುತ್ತೇನೆ.)

ಮಾಮಾ ಬೈಲಹೊಂಗಲದಲ್ಲಿ ಮೂವತ್ತು ವರ್ಷ ಟೈಪಿಂಗ್ ಕ್ಲಾಸ್ ನಡೆಸಿದವರು. ಕಲಿಯಲು ಬರುವವರು ನಿಂತುಹೋದ ಮೇಲೆ, ಆಫೀಸುಗಳಲ್ಲಿ ಮೂಲೆಗೆ ಬಿದ್ದ ಕಂಪ್ಯೂಟರುಗಳನ್ನು ಬೇಡಿ ತಂದು, ರಿಪೇರಿ ಮಾಡಿ, ಹಳ್ಳಿಯ ಶಾಲೆಗಳಿಗೆ ಕೊಡತೊಡಗಿದರು. ಒಳ್ಳೆಯ ಕೆಲಸವೇ. ಆದರೆ ಒಂದು ಷರತ್ತು. ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಮೊದಲು ಕಾಣಬೇಕಾದದ್ದು ಮಕ್ಕಳ ಹಕ್ಕುಗಳ ಪಾಠ, ಅದೂ ಐದು ಭಾಷೆಗಳಲ್ಲಿ! ಕನ್ನಡ, ಮರಾಠಿ, ಉರ್ದು, ತೆಲುಗು, ಕನ್ನಡ ಅಕ್ಷರದಲ್ಲಿ ಬರೆದ ಲಂಬಾಣಿ. ಅವರ ಜೊತೆ ಊರೂರು ತಿರುಗುವವಳು ನಾನು, ನಮ್ಮ ಕಡೆ ತೆಲುಗಿನ ಮಗು ಎಲ್ಲಿದೆ ಮಾಮಾ ಎಂದು ಕೇಳಿದೆ. ಕೇಳಿಸಲಿಲ್ಲ. ಮೂರು ತಿಂಗಳ ಮೇಲೆ ಕಿತ್ತೂರಿನ ಹತ್ತಿರ, ರಸ್ತೆ ಕೆಲಸಕ್ಕೆ ಬಂದವರ ಮಗುವೊಂದು ಸಿಕ್ಕಿತು. ಮಾಮಾ ಬರೀ ನನ್ನ ಕಡೆ ನೋಡಿದರು.

ಪಾಠಕ್ಕೂ ಒಂದು ಪರೀಕ್ಷೆ. ಆಯಾ ಭಾಷೆಯ ಮಗು ಅದನ್ನು ಗಟ್ಟಿಯಾಗಿ ಓದಬೇಕು. ಮಗು ಎಲ್ಲಿ ತಡೆಯುತ್ತದೋ ಆ ಪದವನ್ನು ಮಾಮಾ ತಮ್ಮ ಕೈಯಲ್ಲಿರುವ ಪಾಠದ ಕಾಗದದಲ್ಲಿ ಪೆನ್ಸಿಲ್ಲಿನಿಂದ ಹೊಡೆದುಹಾಕುತ್ತಾರೆ. ‘ಅಭಿವ್ಯಕ್ತಿ ಸ್ವಾತಂತ್ರ್ಯ’ ಹೀಗೆಯೇ ಮುರಗೋಡದಲ್ಲಿ ಮೂರನೇ ಇಯತ್ತೆಯ ಹುಡುಗಿಯೊಬ್ಬಳ ಬಾಯಲ್ಲಿ ಪ್ರಾಣ ಬಿಟ್ಟಿತು. ಅದರ ಜಾಗಕ್ಕೆ ‘ನಮ್ಮ ಮಾತು ದೊಡ್ಡವರು ಕೇಳಬೇಕು’ ಎಂಬ ಸಾಲು ಬಂತು. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದವಳು. ಎಷ್ಟು ನೊಂದೆನೆಂದು ಕೇಳಬೇಡಿ.

ರಾಮದುರ್ಗದ ಕಡೆಯ ಒಂದು ಶಾಲೆಯಲ್ಲಿ ಹುಡುಗನೊಬ್ಬ ಪಾಠವನ್ನು ಪೂರ್ತಿ ಓದಿ, ‘ಆಡೋ ಹಕ್ಕೂ ಐತಿ ಅಂತ ಬರದೀರಿ. ಮತ್ತ ಗೇಮ್ ಎಲ್ಲೈತ್ರಿ ಸರ?’ ಎಂದ. ಗೇಮು ಹಾಕಿದರೆ ಮಕ್ಕಳು ಕೆಡುತ್ತಾರೆಂದು ಹೆಡ್‌ಮಾಸ್ತರರು ಹತ್ತು ನಿಮಿಷ ವಿವರಿಸಿದರು. ಅವರಿಗೆ ವಯಸ್ಸು ಐವತ್ತೈದು. ಗೇಮು ಬಂತು!

ಇಲ್ಲಿಯವರೆಗೆ ನಕ್ಕಿದ್ದೀರಿ. ನಾನೂ ನಗುತ್ತಿದ್ದೆ, ಆ ದಿನದವರೆಗೆ.

ಕಳೆದ ಮಳೆಗಾಲ. ಹೂಲಿಯ ದಾರಿಯಲ್ಲಿ ಒಂದು ಸಣ್ಣ ಊರು. ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದು ಶಾಲೆಯಲ್ಲಿ ಕರೆಂಟು ಹೋಗಿತ್ತು. ಎದುರಿಗಿನ ಹಳೆಯ ಚಾವಡಿಯಲ್ಲಿ ಇತ್ತು. ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಮರದ ತೊಲೆ. ಅಲ್ಲೇ ಇಡೋಣವೆಂದೆ. ಮಾಮಾನಿಗೆ ಎಂದಿನಂತೆ ಕೇಳಿಸಲಿಲ್ಲ, ನಾನೇ ಐದೂ ಕಂಪ್ಯೂಟರುಗಳನ್ನು ವ್ಯಾನಿನಿಂದ ಇಳಿಸಿ ಅಲ್ಲಿಗೆ ಹೊತ್ತು ಹಾಕಿದೆ. ಆ ಜಾಗ ಆರಿಸಿದವಳು ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ.

ಹನ್ನೊಂದು ಮಕ್ಕಳು ಸುತ್ತ ಕೂತರು. ಲಂಬಾಣಿ ಪಾಠ ಓದಲು ತಾಂಡಾದ ಹುಡುಗಿಯೊಬ್ಬಳು ಪರದೆಯ ಮುಂದೆ ಬಂದಳು, ಎಂಟು ವರ್ಷ ಇದ್ದೀತು. ನಾಲ್ಕನೇ ಸಾಲಿನಲ್ಲಿ ತಡೆದಳು. ಮಾಮಾ ಪೆನ್ಸಿಲ್ ಎತ್ತಿ, ‘ಯಾವ ಪದ ತಡೀತವ್ವಾ?’ ಎಂದರು.

‘ಪದ ಅಲ್ರಿ. ಮ್ಯಾಲಿಂದ ಮಣ್ಣ ಉದರಾಕತ್ತೈತ್ರಿ.’

ಕೀಬೋರ್ಡಿನ ಮೇಲೆ ಒಂದು ಚಿಟಿಕೆ ಮಣ್ಣು. ಒಂದೇ ಚಿಟಿಕೆ. ನಾನು ಅದನ್ನು ಊದಿದೆ. ಊದಿ ಹೇಳಿದೆ: ‘ಮಳಿಗಾಲದಾಗ ಉದರೂದ ಅದು. ನೀ ಪೂರಾ ಓದು ಮೊದಲ.’

ಹುಡುಗಿ ಮತ್ತೆ ಪರದೆಯ ಕಡೆ ತಿರುಗಿದಳು. ದೊಡ್ಡವರು ಹೇಳಿದ ಮೇಲೆ ಮತ್ತೇನು ಮಾಡೀತು ಮಗು?

ಮಾಮಾ ಅವಳ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತು, ಎಷ್ಟೊತ್ತಿನಿಂದ ಉದುರುತ್ತಿದೆ ಎಂದು ಕೇಳಿದರು. ಬಂದಾಗಿನಿಂದ ಎಂದಳು. ಮಾಮಾ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದರು.

‘ಎಲ್ಲಾರೂ ಹೊರಗ ನಡೀರಿ. ಪಾಟಿಚೀಲ ಅಲ್ಲೇ ಇರ್ಲಿ.’

ಹೊರಗೆ ಮಳೆ ಎಂದೆ. ಪಾಠ ಕಂಪ್ಯೂಟರುಗಳಿಗೆ ಅರ್ಧ ಏರಿದೆ, ಈಗ ಬಿಟ್ಟರೆ ಎಲ್ಲ ಮೊದಲಿನಿಂದ ಎಂದೆ. ನನಗೆ ಹದಿನೆಂಟು ದಾಟಿ ಎಷ್ಟೋ ವರ್ಷವಾಗಿದೆ, ಮಾಮಾನಿಗೆ ಹೇಗೆ ಕೇಳಿಸೀತು? ಬಾಗಿಲಲ್ಲಿ ನಿಂತು ಒಂದೊಂದೇ ತಲೆ ಮುಟ್ಟಿ ಎಣಿಸುತ್ತ ಮಕ್ಕಳನ್ನು ಹೊರಗೆ ಕಳಿಸಿದರು. ನಾನು ಕಂಪ್ಯೂಟರ್ ಬಂದ್ ಮಾಡಲು ಹಿಂದೆ ತಿರುಗಿದೆ. ನನ್ನ ಜಡೆ ಹಿಡಿದು ಎಳೆದರು.

ಶಾಲೆಯ ಕಟ್ಟೆ ಮುಟ್ಟಿದ್ದೆವು. ಮೊದಲ ಸದ್ದು ಅಂಥ ದೊಡ್ಡದೇನಲ್ಲ, ಜೋಳದ ಚೀಲವೊಂದು ಅಟ್ಟದಿಂದ ಬಿದ್ದಂತೆ. ಆಮೇಲೆ ಇನ್ನೊಂದು. ಆಮೇಲೆ ತೊಲೆ ಮುರಿಯಿತು. ಧೂಳು ಇಳಿದು ಕಣ್ಣು ಬಿಟ್ಟಾಗ ಚಾವಡಿಯ ಬಾಗಿಲ ಚೌಕಟ್ಟು ಹಾಗೇ ನಿಂತಿತ್ತು. ಅದರ ಹಿಂದೆ ಆಕಾಶವಿತ್ತು.

ಊರು ಕೂಡಿತು. ಮಾಳಿಗೆ ಬೀಳುವ ಗುರುತು ಹೇಗೆ ಹಿಡಿದಿರೆಂದು ಎಲ್ಲರೂ ಮಾಮಾನನ್ನು ಕೇಳಿದರು. ದೊಡ್ಡವರ ಮಾತು ಅದೊಂದು ಸಲ ಅವರಿಗೆ ಹೇಗೋ ಕೇಳಿಸಿತು.

‘ನಾ ಎಲ್ಲಿ ಮ್ಯಾಲ ನೋಡೇನ್ರಿ? ಹುಡುಗಿ ಹೇಳಿದ್ಲು.’

ಆಮೇಲೆ ಜೇಬಿನಿಂದ ಪಾಠದ ಕಾಗದ ತೆಗೆದು ಅವಳಿಗೆ ಕೊಟ್ಟರು. ಶಾಲೆಯ ಕಟ್ಟೆಯ ಮೇಲೆ ಒದ್ದೆ ಫ್ರಾಕಿನಲ್ಲಿ ನಿಂತು ಅವಳು ಉಳಿದ ಸಾಲುಗಳನ್ನು ಓದಿದಳು. ಎಲ್ಲೂ ತಡೆಯಲಿಲ್ಲ.

ಈಗ ಅಡಿಗೆಮನೆಯಲ್ಲಿ ಸಾಸಿವೆ ಚಟಗುಟ್ಟಿದರೆ ನಾನು ಮೇಲೆ ನೋಡುತ್ತೇನೆ. ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮೊದಲು ಮೇಲೆ ನೋಡಿ ಆಮೇಲೆ ಕೂರುತ್ತೇನೆ. ಒಂದು ಚಿಟಿಕೆ ಮಣ್ಣು, ನನ್ನ ಉಸಿರು, ‘ಪೂರಾ ಓದು ಮೊದಲ’. ಎಷ್ಟು ಸಲ ತಿರುಗಿಸಿ ನೋಡಿದರೂ ಆ ಮಾತು ನನ್ನದೇ. ಆ ಕೋಣೆಯಲ್ಲಿ ನಾನೊಬ್ಬಳೇ ದೊಡ್ಡವಳಾಗಿದ್ದರೆ?

ಆ ಸಂಜೆ ಖಾಲಿ ವ್ಯಾನಿನಲ್ಲಿ ಬೈಲಹೊಂಗಲಕ್ಕೆ ಹೊರಟೆವು. ಮಾಮಾ ನಡೆಸುತ್ತಿದ್ದರು. ನನಗೆ ಮೂವತ್ತನಾಲ್ಕು. ಈ ಮನುಷ್ಯನಿಗೆ ನನ್ನ ಮಾತು ಕೇಳಿಸದೆ ಹದಿನಾರು ವರ್ಷವಾಗಿದೆ ಎಂಬ ಧೈರ್ಯದ ಮೇಲೆ, ಇಂಜಿನ್ನಿನ ಸದ್ದಿನಲ್ಲಿ, ಬಹುಶಃ ನನಗೇ ಹೇಳಿಕೊಂಡೆ:

‘ನನಗ ಬಾಳ ಅಂಜಿಕಿ ಆಗೈತಿ ಮಾಮಾ.’

ಮಾಮಾ ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದರು. ಇನ್ನೂ ಕಿವಿಯ ಮೇಲೇ ಇದ್ದ ಪೆನ್ಸಿಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿ ಕೂತರು.

‘ಹೇಳವ್ವಾ’ ಎಂದರು.