ರಾಗಿ ಚೀಲದಲ್ಲಿಟ್ಟ ಹಾಡು

ಅಂದು ಬೆಳಿಗ್ಗೆಯೂ ನಾನು ಎಂದಿನಂತೆಯೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಲಿಟ್ಟೆ, ಉಕ್ಕುವ ಮೊದಲೇ ಒಲೆ ಆರಿಸಿದೆ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಮಿಕ್ಕ ದಿನಗಳಲ್ಲಿ ಉಕ್ಕಿದ ಮೇಲೆ ಆರಿಸುವುದೇ ನನ್ನ ವಾಡಿಕೆ. ಯಜಮಾನರಿಗೆ ಸ್ಟ್ರಾಂಗ್ ಕಾಫಿ, ಅತ್ತೆಯವರಿಗೆ ಬೆಲ್ಲದ ಕಾಫಿ, ನನಗೆ ಏನೂ ಹಾಕದ ಕಾಫಿ. ಈ ಮೂರನೆಯ ಲೋಟದಿಂದಲೇ ನನ್ನ ತೊಂದರೆ ಶುರುವಾದದ್ದು. ನಿಮ್ಮ ಸಕ್ಕರೆ ಬೇಲಿಯ ಮೇಲೆ ಕುಳಿತಿದೆ, ಆ ಕಡೆ ಹಾರುವುದೋ ಈ ಕಡೆ ಇಳಿಯುವುದೋ ನಿಮ್ಮ ಕಾಲಿನ ಮೇಲಿದೆ ಎಂದು ಡಾಕ್ಟರು ಹೇಳಿದ್ದರು. “ಸುಮ್ನೆ ಅಡ್ಡಾಡೋದಲ್ಲಮ್ಮ, ಬಿರಬಿರ ನಡೀಬೇಕು. ಇಲ್ಲಾಂದ್ರೆ ಮಾತ್ರೆ.” ಅತ್ತೆಯವರು ಪಕ್ಕದಲ್ಲೇ ಕುಳಿತು ಇದನ್ನು ಕೇಳಿಸಿಕೊಂಡರು. ಅವರದು ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ.

ನಡೆಯಲು ಪಾಂಡವಪುರದಲ್ಲಿ ಜಾಗಕ್ಕೇನು ಬರವಿಲ್ಲ. ನಮ್ಮ ಬೀದಿ ದಾಟಿದರೆ ನಾಲೆ ಏರಿ. ಎಡಕ್ಕೆ ಕಬ್ಬಿನ ಗದ್ದೆ, ಎದುರಿಗೆ ಕುಂತಿ ಬೆಟ್ಟ, ತಣ್ಣನೆ ಗಾಳಿ. ಇಷ್ಟೆಲ್ಲ ಇದ್ದರೂ ನನ್ನ ಕಾಲು ಬಿರಬಿರ ಏಳುವುದಿಲ್ಲ. ತಪ್ಪು ಕಾಲಿನದಲ್ಲ, ನಾನು ಓದಿದ ಕಾನ್ವೆಂಟಿನದು. ಶ್ರೀರಂಗಪಟ್ಟಣದಲ್ಲಿ ನಾನು ಓದುವಾಗ ನಮಗೆ ಡ್ರಿಲ್ ಮಾಡಿಸುತ್ತಿದ್ದ ಸಿಸ್ಟರ್ ಒಂದು ಹಳೆಯ ಡ್ರಮ್ಮಿನ ಪಕ್ಕ ನಿಂತಿರುತ್ತಿದ್ದರು. ಡ್ರಮ್ ಬಾರಿಸಿದರೆ ನಡೆಯಬೇಕು, ನಿಂತರೆ ನಿಲ್ಲಬೇಕು. ಅವರು ಮಧ್ಯದಲ್ಲಿ ಮೂಗು ಒರೆಸಿಕೊಂಡರೆ ನಾವೆಲ್ಲ ಒಂದು ಕಾಲೆತ್ತಿ ಕೊಕ್ಕರೆಗಳ ಹಾಗೆ ಕಾಯುತ್ತಿದ್ದೆವು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ತಾಳ ಕಿವಿಗೆ ಬೀಳದಿದ್ದರೆ ನಾನು ದೇವಸ್ಥಾನದ ಪ್ರದಕ್ಷಿಣೆಗೆ ಬಂದವಳ ಹಾಗೆ ನಡೆಯುತ್ತೇನೆ.

ಫೋನಿನಲ್ಲೇ ಹಾಡು ಕೇಳಬಹುದಲ್ಲ ಎಂದು ನೀವು ಕೇಳಬಹುದು. ಕೇಳಿ ನೋಡಿದ್ದೇನೆ. ಪಲ್ಲವಿ ಮುಗಿಯುವುದರೊಳಗೆ ಯಜಮಾನರು ಫೋನು ಮಾಡಿ ಟವೆಲ್ ಎಲ್ಲಿ ಎನ್ನುತ್ತಾರೆ. ಟವೆಲ್ ಎಲ್ಲಿದೆ ಎಂದು ಹೇಳಿ ಅನುಪಲ್ಲವಿಗೆ ಬಂದರೆ ಕಿಕ್ಕೇರಿಯ ನಾದಿನಿ ತಿಂಡಿ ಏನು ಎನ್ನುತ್ತಾಳೆ. ಇಡೀ ದಿನದಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಬಾರದ ಹೊತ್ತೆಂದರೆ ಆ ನಡಿಗೆಯದೊಂದೇ. ಅದಕ್ಕೇ ನನ್ನ ತಮ್ಮ ತಾನು ಬಳಸುತ್ತಿದ್ದ ಹಳೆಯ ಮ್ಯೂಸಿಕ್ ಪ್ಲೇಯರನ್ನು ಹಳೆ ಸಿನಿಮಾ ಹಾಡುಗಳನ್ನು ತುಂಬಿಸಿ ಕೊಟ್ಟಾಗ ನನಗೆ ಒಂದು ಕೋಣೆಯನ್ನೇ ಬರೆದುಕೊಟ್ಟಷ್ಟು ಸಂತೋಷವಾಯಿತು. ಬೆಂಕಿಪೊಟ್ಟಣದಷ್ಟಿರುವ ವಸ್ತು. ಹಿಂದೆ ಒಂದು ಕ್ಲಿಪ್ಪು, ಸೊಂಟದ ಹತ್ತಿರ ಸೀರೆಗೆ ಸಿಕ್ಕಿಸಿ, ವೈರಿನ ತುದಿಗಳನ್ನು ಕಿವಿಗೆ ಇಟ್ಟುಕೊಂಡರೆ ಆಯಿತು. ಅದಕ್ಕೆ ಯಾರೂ ಫೋನು ಮಾಡಲಾರರು.

ಆದರೆ ಈ ವಸ್ತುವಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಮನೆಯಲ್ಲಿ ಮುದ್ದಾಗಿ ಹಾಡುತ್ತಿತ್ತು. ನಾಲೆ ಏರಿ ಹತ್ತಿ ಎರಡು ವಿದ್ಯುತ್ ಕಂಬ ದಾಟುವಷ್ಟರಲ್ಲಿ ನಿಂತುಹೋಗುತ್ತಿತ್ತು. ನಾನೂ ನಿಲ್ಲುತ್ತಿದ್ದೆ. ಗುಂಡಿ ಒತ್ತಿದರೆ ಮತ್ತೆ ಹಾಡುತ್ತಿತ್ತು, ನಾಲ್ಕು ಹೆಜ್ಜೆಗೆ ಮತ್ತೆ ಮೌನ. ಒಮ್ಮೊಮ್ಮೆ ವಿರಹದ ಹಾಡಿನ ಮಧ್ಯದಿಂದ ಸೀದಾ ಮದುವೆಯ ಹಾಡಿಗೆ ಜಿಗಿಯುತ್ತಿತ್ತು. ಯಜಮಾನರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಚಾರ್ಜ್ ಇಲ್ಲ,” ಎಂದರು. ಗೊಬ್ಬರದ ಅಂಗಡಿ ಇಟ್ಟವರು, ಏನನ್ನೇ ಕೊಟ್ಟರೂ ತೂಗಿಯೇ ಅಭಿಪ್ರಾಯ ಹೇಳುತ್ತಾರೆ. ಚಾರ್ಜು ತುಂಬಿಸಿದೆ. ವೈರು ಬದಲಾಯಿಸಿದೆ. ಎಡ ಸೊಂಟದಿಂದ ಬಲಕ್ಕೆ ಹಾಕಿದೆ. ಪಶ್ಚಿಮಕ್ಕೆ ಮುಖ ಮಾಡಿ ನಡೆದರೆ ಸರಿಹೋಗಬಹುದೆಂದು ಒಂದು ದಿನ ಉಲ್ಟಾ ದಾರಿಯಲ್ಲೂ ಹೋದೆ. ವಿಜ್ಞಾನ ಓದಿದವಳು ನಾನು, ಆದರೂ ಹೋದೆ.

ನಾನು ಹೇಳುತ್ತಿರುವ ಬೆಳಿಗ್ಗೆಯ ಹಿಂದಿನ ದಿನ ಬಸ್ ನಿಲ್ದಾಣದ ಬಳಿಯ ಮೊಬೈಲ್ ರಿಪೇರಿ ಅಂಗಡಿಗೆ ಕೊಂಡೊಯ್ದಿದ್ದೆ. ಅಂಗಡಿಯವರು ಅದನ್ನು ಗಾಜಿನ ಮೇಜಿನ ಮೇಲಿಟ್ಟು ಹಾಡಿಸಿದರು. ಹಾಡಿಯೇ ಹಾಡಿತು. “ಏನೂ ತೊಂದ್ರೆ ಇಲ್ವಲ್ಲ ಮೇಡಂ.”

“ನಡೆಯುವಾಗ ಮಾತ್ರ ನಿಲ್ಲುತ್ತೆ.”

“ಅಂಗಾರೆ ಇಲ್ಲೇ ಒಂಚೂರು ನಡ್ದು ತೋರ್ಸಿ.”

ಅಂಗಡಿಯ ಮುಂದೆ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದ ಹದಿನೈದು ಜನ ನನ್ನತ್ತ ತಿರುಗಿದರು. ನಾನು ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಬ್ಯಾಗು ಬಿಗಿಹಿಡಿದು, ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ತರುವವಳ ಹಾಗೆ ಆ ತುದಿಯಿಂದ ಈ ತುದಿಗೆ ನಡೆದೆ. ಹಾಡು ನಿಲ್ಲಲೇ ಇಲ್ಲ. “ಚೆನ್ನಾಗಿ ನಡೀತಾರೆ ಕಣ್ಲಾ,” ಎಂದು ಯಾರೋ ಯಾರಿಗೋ ಹೇಳಿದ್ದೂ ಕೇಳಿಸಿತು. ಅಂಗಡಿಯವರು ಕೊನೆಗೆ, “ಬೆವರು ಒಳಕ್ಕೆ ಇಳ್ದಿರ್ಬೇಕು. ರಾತ್ರಿ ಅಕ್ಕಿಯೊಳ್ಗೆ ಹೂತಿಡಿ, ತೇವ ಎಳ್ಕೊಂಬುಡ್ತದೆ,” ಎಂದು ಕಳಿಸಿಕೊಟ್ಟರು.

ಅಕ್ಕಿ ಡಬ್ಬ ಅತ್ತೆಯವರ ಸುಪರ್ದಿನಲ್ಲಿದೆ. ದಿನವೂ ಅವರೇ ಪಾವಿನಲ್ಲಿ ಅಳೆದು ಕೊಡುವುದು. ಅದರೊಳಗೆ ವೈರು ಸಿಕ್ಕರೆ ಏನು ಹೇಳಲಿ? ಅಡುಗೆಮನೆಯ ಮೂಲೆಯಲ್ಲಿ ರಾಗಿ ಚೀಲವೂ ಇತ್ತು. ಮಿಲ್ಲಿಗೆ ಹೋಗುವುದು ಭಾನುವಾರ, ಅಂದು ಇನ್ನೂ ಗುರುವಾರ. ಅಕ್ಕಿ ಎಳೆಯುವ ತೇವವನ್ನು ರಾಗಿ ಎಳೆಯದೇ? ಕಾಳೇನೋ ಸಣ್ಣದು, ತೂತುಗಳಲ್ಲಿ ಹೊಕ್ಕರೆ ಕಷ್ಟವೆಂದು ಪ್ಲೇಯರನ್ನು ವೈರಿನ ಸಮೇತ ನನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿ, ಚೀಲದಲ್ಲಿ ಮೊಣಕೈವರೆಗೆ ಕೈ ಇಳಿಸಿ ಇಟ್ಟೆ. ಸಣ್ಣಪುಟ್ಟದ್ದನ್ನೂ ಗಮನಿಸುವವಳು ಎಂದು ಕಾನ್ವೆಂಟಿನಲ್ಲಿ ಸಿಸ್ಟರು ನನ್ನನ್ನು ಹೊಗಳಿದ್ದುಂಟು. ಆ ಹೊಗಳಿಕೆಗೆ ತಕ್ಕಂತೆ ನಡೆದುಕೊಂಡೆನೆಂದು ನೆಮ್ಮದಿಯಾಗಿ ಮಲಗಿದೆ.

ಈಗ ಮತ್ತೆ ಆ ಬೆಳಿಗ್ಗೆಗೆ ಬರುತ್ತೇನೆ. ಕಾಫಿ ಕೊಟ್ಟು, ಹಿತ್ತಿಲಿಗೆ ಹೋಗಿ, ಹಂಡೆಗೆ ನೀರು ತುಂಬಿ, ಒಲೆ ಹಚ್ಚಿದೆ. ಸೌದೆ ಹಸಿಯಿತ್ತು. ಊದಿ ಊದಿ ಕಣ್ಣೀರು ಸುರಿಸಿ ಒಳಗೆ ಬಂದು ನೋಡಿದರೆ ಮೂಲೆಯಲ್ಲಿ ರಾಗಿ ಚೀಲ ಇರಲಿಲ್ಲ. ಜಗಲಿಗೆ ಬಂದೆ. ಅತ್ತೆಯವರು ಮೊರ ಪಕ್ಕಕ್ಕಿಟ್ಟು ಕಾಲು ಚಾಚಿ ಕುಳಿತಿದ್ದರು. ಪಕ್ಕದ ಮನೆಯ ಪುಟ್ಟತಾಯಮ್ಮ ಜೊತೆಯಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದರು.

“ಅತ್ತೆ, ರಾಗಿ?”

“ಮಿಲ್‌ಗೆ ಓಯ್ತು. ಕರೆಂಟು ಅದೆ, ಕ್ಯೂ ಇರಾಕಿಲ್ಲ ಅಂತ ನಿನ್ ಗಂಡ ಗಾಡೀಲಿ ಮಡೀಕಂಡು ಓದ.”

ಹಾಡು ಹೋದರೆ ಹೋಗಲಿ. ಆದರೆ ರಾಗಿ ಎಂದರೆ ಅತ್ತೆಯವರಿಗೆ ಸಾಕ್ಷಾತ್ ಲಕ್ಷ್ಮಿ, ಚೀಲ ಬಿಚ್ಚುವ ಮೊದಲು ಕೈ ಮುಗಿಯುತ್ತಾರೆ. ಅದರಲ್ಲಿ ಬ್ಯಾಟರಿ ಬೀಸಿ ಹಾಕಿದ ಸೊಸೆ ಎನ್ನಿಸಿಕೊಂಡು ನಾನು ಬದುಕುವುದು ಹೇಗೆ? ಮದುವೆಯಾದ ಹೊಸತರಲ್ಲಿ ನಾನು ತಿರುವಿದ ಮುದ್ದೆಯಲ್ಲಿ ಬರೀ ಗಂಟು. ಅತ್ತೆ ಒಂದು ಮಾತೂ ಬೈಯಲಿಲ್ಲ. ಗಂಟುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಆ ಸಾಲು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೈದಿದ್ದರೆ ಎಷ್ಟೋ ಮೇಲಿತ್ತು.

“ನಾನೂ ಮಿಲ್‌ಗೆ ಹೋಗಿ ಬರ್ತೀನಿ ಅತ್ತೆ. ಸ್ವಲ್ಪ... ನುಣ್ಣಗೆ ಬೀಸೋಕೆ ಹೇಳಬೇಕಿತ್ತು.”

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. “ಓಗ್ಬಾ ಮಗ. ಬಿರಬಿರ್ನೆ ಓಗು.”

ಓಡಿದೆ. ನಿಜವಾಗಿಯೂ ಓಡಿದೆ. ಕಾನ್ವೆಂಟಿನ ಸ್ಪೋರ್ಟ್ಸ್ ಡೇ ಆದ ಮೇಲೆ ಓಡಿದ್ದು ಅದೇ ಮೊದಲು. ಕಿವಿಯಲ್ಲಿ ಡ್ರಮ್ ಇರಲಿಲ್ಲ, ಹಾಡೂ ಇರಲಿಲ್ಲ, ಚಪ್ಪಲಿಯ ಪಟಪಟ ಮಾತ್ರ. ಮುಖ್ಯರಸ್ತೆಗೆ ಬರುವಷ್ಟರಲ್ಲಿ ಹೊರಟಿದ್ದ ಬಸ್ಸೊಂದು ನನ್ನನ್ನು ನೋಡಿ ನಿಂತೇಬಿಟ್ಟಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, “ಬನ್ನಿ ಬನ್ನಿ, ಬೇಗ ಅತ್ರಿ,” ಎಂದರು. ನಾನು ಏದುಸಿರಲ್ಲೇ ಬರುವುದಿಲ್ಲವೆಂದು ಕೈಯಾಡಿಸಿದೆ. “ಬರ್ದೇ ಇದ್ಮ್ಯಾಕೆ ಯಾಕ್ರಮ್ಮ ಓಡ್ತೀರಿ?” ಎಂದು ಅವರು ಬೇಜಾರಿನಿಂದ ಸೀಟಿ ಊದಿದರು. ನ್ಯಾಯವಾದ ಪ್ರಶ್ನೆ.

ಮಿಲ್ಲಿನಲ್ಲಿ ಯಜಮಾನರು ಚೀಲ ಇಳಿಸಿ ಅಂಗಡಿಗೆ ಹೊರಟುಹೋಗಿದ್ದರು. ನಮ್ಮ ರಾಗಿ ಆಗಲೇ ಮುಕ್ಕಾಲು ಪಾಲು ಹಿಟ್ಟಾಗಿತ್ತು. ನಾನು “ನಿಲ್ಸಿ, ನಿಲ್ಸಿ” ಎಂದು ಕೂಗಿದ್ದಕ್ಕೆ ಮಿಲ್ಲಿನ ಕೆಂಪಣ್ಣ ಗಾಬರಿಯಿಂದ ಯಂತ್ರ ಆರಿಸಿದರು. ಅವರ ರೆಪ್ಪೆಯ ಮೇಲೂ ಹಿಟ್ಟು ಕುಳಿತಿತ್ತು. “ಏನಾಯ್ತಕ್ಕ? ಏನಾರ ಬಿದ್ದೋಯ್ತಾ?” ನಾನು ಹೌದೆಂದು ತಲೆಯಾಡಿಸಿದ್ದೇ ತಡ, ಕಾಯುತ್ತಿದ್ದ ಹೆಂಗಸರೊಬ್ಬರು, “ವಾಲೆ ಕಣಪ್ಪ, ವಾಲೆ ಬಿದ್ದೋಗದೆ, ಪಾಪ,” ಎಂದು ತಾವೇ ತೀರ್ಮಾನಿಸಿ ಸೆರಗು ಸಿಕ್ಕಿಸಿ ಹಿಟ್ಟಿಗೆ ಕೈ ಹಾಕಿದರು. ಇನ್ನಿಬ್ಬರು ಜರಡಿ ಹಿಡಿದರು. ಇಷ್ಟು ಒಳ್ಳೆಯ ಜನಕ್ಕೆ ನಾನು ಹುಡುಕುತ್ತಿರುವುದು ಚಿನ್ನವಲ್ಲ ಎಂದು ಹೇಗೆ ಹೇಳಲಿ? ನಾನೂ ಜರಡಿ ಹಿಡಿದೆ. ಹಿಟ್ಟೆಲ್ಲ ಶೋಧಿಸಿ, ಉಳಿದ ಕಾಳಲ್ಲೂ ಕೈಯಾಡಿಸಿದ ಮೇಲೆ ಆ ಹೆಂಗಸು ನನ್ನನ್ನು ಹತ್ತಿರದಿಂದ ನೋಡಿ, “ಅಲ್ಲ ಕಣವ್ವ, ಎರಡ್ ವಾಲೆನೂ ಕಿವೀಲೇ ಅವಲ್ಲ?” ಎಂದರು.

ಸತ್ಯ ಹೇಳಬೇಕಾಯಿತು. ಹಾಡಿನ ಡಬ್ಬಿ ಎಂದೆ. ಹೆಂಗಸರು ಜರಡಿ ಕೆಳಗಿಟ್ಟರು. ಆಮೇಲೆ ಕೆಂಪಣ್ಣನೇ ಸಮಾಧಾನ ಹೇಳಿದರು. “ಅಂಥದ್ದು ಬಿದ್ದಿದ್ರೆ ನಮ್ ಮಿಷಿನ್ನೇ ಹಾಡ್ಬುಡ್ತಿತ್ತು ಕಣಕ್ಕ. ಬಿದ್ದಿಲ್ಲ, ಓಗಿ.”

ಬಿದ್ದಿಲ್ಲವಾದರೆ ಎಲ್ಲಿ? ದಾರಿಯಲ್ಲಿ ಎಲ್ಲೂ ಇರಲಿಲ್ಲ. ಯಜಮಾನರಿಗೆ ಫೋನು ಮಾಡಿದರೆ ಚೀಲದ ಬಾಯಿ ಕಟ್ಟಿಯೇ ಇತ್ತು ಎಂದರು. ಕೆಂಪಣ್ಣನ ಮಾತು ಬರೀ ದಾಕ್ಷಿಣ್ಯದ್ದಿರಬೇಕು, ಅದು ಹಿಟ್ಟಿನಲ್ಲೇ ಪುಡಿಯಾಗಿ ಬೆರೆತಿದೆ ಎಂದು ಮನಸ್ಸು ಹೇಳುತ್ತಲೇ ಇತ್ತು. ಅಂದಿಗೆ ಹಳೆಯ ಹಿಟ್ಟಿನಲ್ಲಿ ಮುದ್ದೆ ಮಾಡೋಣವೆಂದರೆ ಹಳೆಯ ಹಿಟ್ಟು ಮುಗಿದಿತ್ತು. ಹೊಸ ಹಿಟ್ಟಿನಲ್ಲೇ ತಿರುವಿದೆ. ಒಂದು ಗಂಟೂ ಇರಲಿಲ್ಲ. ಆದರೂ ನನಗೆ ನುಂಗಲು ಧೈರ್ಯವಾಗದೆ, ಹಲ್ಲಿಗೆ ಏನಾದರೂ ಸಿಕ್ಕೀತೆಂದು ಮುದ್ದೆಯನ್ನು ಅಗಿದು ಅಗಿದು ತಿಂದೆ. ಮಂಡ್ಯದ ಕಡೆ ಮುದ್ದೆ ಅಗಿಯುವವರನ್ನು ನೀವು ನೋಡಿರಲಾರಿರಿ. ಅತ್ತೆಯವರು ನೋಡಿದರು, ಏನೂ ಹೇಳಲಿಲ್ಲ.

ಏನೂ ಹೇಳದ್ದೇ ನನ್ನನ್ನು ಕೊಂದದ್ದು. ಊಟವಾದ ಮೇಲೆ ಅವರು ತಲೆಯ ತುಂಬ ಸೆರಗು ಹೊದ್ದು ಹಿತ್ತಿಲ ಕಲ್ಲಿನ ಮೇಲೆ ಕುಳಿತರು. ಮಜ್ಜಿಗೆ ಬೇಕಾ ಎಂದು ಕೂಗಿದೆ, ತಿರುಗಲಿಲ್ಲ. ಮತ್ತೆ ಕೂಗಿದೆ, ಸುಮ್ಮನೆ ತಲೆಯಾಡಿಸಿದರು, ಅದೂ ಬೇಕೆಂದೋ ಬೇಡವೆಂದೋ ತಿಳಿಯದ ಹಾಗೆ. ಸಣ್ಣದನ್ನೂ ಗಮನಿಸುವವಳಲ್ಲವೇ, ಅವರ ಹೆಬ್ಬೆರಳು ನೆಲವನ್ನು ಮೆಲ್ಲಗೆ ಕುಟ್ಟುತ್ತಿದ್ದದ್ದನ್ನೂ ಗಮನಿಸಿದೆ. ಸಿಟ್ಟು ಕಾಲಿಗಿಳಿದಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರೇ, “ಮಜ್ಗೆ ಕೊಡವ್ವ,” ಎಂದು ಎಂದೂ ಇಲ್ಲದಷ್ಟು ಜೋರು ದನಿಯಲ್ಲಿ ಹೇಳಿದರು. ಮನೆಯಲ್ಲಿ ಯಾವತ್ತೂ ದನಿ ಎತ್ತದವರು. ಮಿಲ್ಲಿನಿಂದ ಸುದ್ದಿ ಬಂದಿದೆ ಎಂದು ನನಗೆ ಖಚಿತವಾಯಿತು. ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ, ಅಳಿಸಿದೆ, ಮತ್ತೆ ಜೋಡಿಸಿದೆ. ಅವೆಲ್ಲ ಇಂಗ್ಲಿಷಿನಲ್ಲೇ ಬರುತ್ತಿದ್ದವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪುಟ್ಟತಾಯಮ್ಮ ಹೆಪ್ಪಿಗೆಂದು ಲೋಟ ಹಿಡಿದು ಬಂದರು. ತಡೆಯಲಾರದೆ ಅವರನ್ನು ಪಕ್ಕಕ್ಕೆ ಕರೆದು, “ಅತ್ತೆ ಮಧ್ಯಾಹ್ನದಿಂದ ಮಾತೇ ಆಡ್ತಿಲ್ಲ. ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ. ನಿಮ್ಮ ಹತ್ರ ಏನಾದ್ರೂ ಬೇಜಾರು ಹೇಳ್ಕೊಂಡ್ರಾ?” ಎಂದು ಕೇಳಿದೆ. ಪುಟ್ಟತಾಯಮ್ಮ ಹಿತ್ತಿಲ ಕಡೆ ಒಮ್ಮೆ ಕತ್ತು ಚಾಚಿ ನೋಡಿ, ಲೋಟದ ಮೇಲೆ ಸೆರಗು ಮುಚ್ಚಿಕೊಂಡು, ಹೊಸಿಲು ದಾಟುತ್ತಾ ಹೇಳಿದರು:

“ಅಯ್ಯೋ, ಎಲ್ಲಿ ಬೇಜಾರು ಬುಡಕ್ಕ. ಸೆರಗು ಸರಿಸಿ ನೋಡಿ, ಕಿವೀಲಿ ನಿಮ್ ಹಾಡಿನ ಡಬ್ಬಿ ವೈರು ಅದೆ. ಬೆಳಿಗ್ಗೆ ರಾಗಿ ಕೇರೋವಾಗ ಗಂಟು ಸಿಕ್ತು, ನಾನೇ ಕಿವಿಗೆ ಸಿಗಿಸ್ಕೊಟ್ಟೆ. ನೀವು ಓಡ್ತಿದ್ರಲ್ಲ, ಕೂಗ್ಲಾ ಅಂದೆ. ಬ್ಯಾಡ ಬುಡು, ಡಾಕ್ಟ್ರು ಹೇಳವ್ರೆ, ಓಡ್ಲಿ ಅಂದ್ರು. ಕೈ ಬೀಸ್ದೆ ಕುಂತ್ಕಂಡು ಕೇಳುದ್ರೆ ಗುಂಡಿಗೆ ಬಳೆ ತಾಗಾಕಿಲ್ಲ, ಅದು ಒಂದ್ಕಿತವೂ ನಿಲ್ಲಾಕಿಲ್ವಂತೆ. ಅವಳು ಅದಿಲ್ದೇನೇ ಅಷ್ಟು ಚೆಂದಾಗಿ ಓಡ್ತಾಳಲ್ಲ, ಇನ್ನು ಅವಳ್ಗ್ಯಾಕೆ ಅಂತಿದ್ರು.”