ಎರಡು ತಲೆಯ ಹದ್ದಿಗೆ ಕುಂಕುಮ

ಹಳೆಯ ಕಾಗದವನ್ನು ಒಂದು ದಿನ ಜೋಪಾನ ಮಾಡುವುದು ಏನು ಮಹಾವಿದ್ಯೆ? ಎಂಬತ್ತರ ದಶಕದ ಆರಂಭದಲ್ಲಿ, ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ಡಾಕ್ಟರಾಗಿದ್ದ ನಾನು ಹಾಗೆಯೇ ನಂಬಿದ್ದೆ.

ಪಕ್ಕದ ಮನೆಯ ವೃದ್ಧ ಬರ್ಟ್ ಅವರ ಬಳಿ ಒಂದು ಆಲ್ಬಮ್ ಇತ್ತು. ಹಿಂದೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಪುಟ್ಟ ಚಿತ್ರದ ಕಾರ್ಡುಗಳು. ಬರ್ಟ್ ಹುಡುಗನಾಗಿದ್ದಾಗ ಅವರಪ್ಪ ಒಂದೊಂದೇ ಕೂಡಿಸಿಕೊಟ್ಟದ್ದು. ಕೆಲವುಗಳಲ್ಲಿ ರಾಜಮನೆತನಗಳ ಲಾಂಛನ, ಕೆಲವುಗಳಲ್ಲಿ ಹಾರ್ಪು ಎಂಬ ದೊಡ್ಡ ತಂತಿವಾದ್ಯ, ಕಹಳೆ, ಪಿಟೀಲು. ಒಂದರಲ್ಲಿ ಎರಡು ತಲೆಯ ಹದ್ದು ಕಂಡದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟೆ.

“ಬರ್ಟ್, ಇದು ನಮ್ಮ ಮೈಸೂರಿನ ಗಂಡಭೇರುಂಡ!”

ಯುರೋಪಿನ ಯಾವುದೋ ದೊರೆಯದು ಎಂದು ಕೆಳಗೇ ಅಚ್ಚಾಗಿತ್ತು. ಮೈಸೂರಿನವನು ಅದನ್ನೆಲ್ಲ ಓದುತ್ತಾನೆಯೇ! ಸರಸ್ವತಿ ಪೂಜೆಗೆ ಇಡುತ್ತೇನೆ, ಒಂದು ದಿನ ಕೊಡಿ ಎಂದು ಗೋಗರೆದೆ. ಬರ್ಟ್ ಎರಡೂ ಕೈಯಲ್ಲಿ ಆಲ್ಬಮ್ ತಂದುಕೊಟ್ಟರು.

“ಹುಷಾರು, ಡಾಕ್. ಅಪ್ಪಂದು ಅಂತ ನನ್ನ ಹತ್ರ ಇರೋದು ಇದೊಂದೇ.”

ಹೆಂಡತಿ ಸರಳಾ ಮೂಗು ಮುರಿದಳು. “ಸಿಗರೇಟ್ ಬಿಡಿ ಅಂತ ದಿನಾ ಪೇಷೆಂಟ್‌ಗಳ ಪ್ರಾಣ ತಿಂತೀರಿ. ಈಗ ಸಿಗರೇಟ್ ಕಾರ್ಡಿಗೆ ಪೂಜೆನೇನ್ರೀ?”

“ಹಾರ್ಪ್ ಅಂದ್ರೆ ವೀಣೆಗೆ ಅಕ್ಕ ಕಣೇ. ಸುಮ್ನಿರು.”

ಹದ್ದಿನ ಕಾರ್ಡನ್ನು ಹೊರತೆಗೆದು ದೇವರ ಮುಂದೆ ನಿಲ್ಲಿಸಿದೆ. ಪುಸ್ತಕಗಳಿಗೆಲ್ಲ ಕುಂಕುಮ ಹಚ್ಚುತ್ತ ಬಂದ ನನ್ನ ಒದ್ದೆ ಬೆರಳು, ಅಭ್ಯಾಸಬಲದಿಂದ, ಹದ್ದಿನ ಎರಡೂ ಹಣೆಗೆ ಬೊಟ್ಟಿಟ್ಟಿತು!

“ಅಯ್ಯೋ, ಏನ್ಮಾಡ್ಬಿಟ್ರಿ!”

“ಗಾಬರಿ ಬೇಡ. ಡಾಕ್ಟರ್ ನಾನಿದೀನಲ್ಲ.”

ಒಣ ಹತ್ತಿಯಲ್ಲಿ ಒರೆಸಿದೆ. ಕುಂಕುಮ ಕೊರಳಿಗೆ ಇಳಿಯಿತು. ಒದ್ದೆ ಹತ್ತಿಯಲ್ಲಿ ಒರೆಸಿದೆ, ರೆಕ್ಕೆಗೆ ಹರಡಿತು. ಕೊನೆಗೆ ವೈದ್ಯಶಾಸ್ತ್ರದ ಮೇಲೆ ಭಾರ ಹಾಕಿ ಸ್ಪಿರಿಟ್ ಹಚ್ಚಿದೆ. ಕುಂಕುಮ ಹೋಯಿತು. ಜೊತೆಗೆ ಎಡಗಡೆಯ ತಲೆಯೂ ಹೋಯಿತು!

“ಪೆನ್ನಲ್ಲಿ ಒಂದು ತಲೆ ಬರೆದ್ಬಿಡ್ಲಾ?”

“ನೀವು ಇನ್ನೇನೂ ಮುಟ್ಬೇಡಿ. ಹೋಗಿ ನಿಜ ಹೇಳಿ,” ಎಂದಳು ಸರಳಾ.

ಮರುದಿನ ಹೋಗಿ ಹೇಳಿದೆ. ಬರ್ಟ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಅಪ್ಪ ಪೈಪ್ ಸೇದ್ತಿದ್ರು, ಡಾಕ್. ಸಿಗರೇಟ್ ಕಂಡ್ರೆ ಆಗ್ತಿರ್ಲಿಲ್ಲ. ನಂಗೆ ಈ ಹದ್ದು ಬೇಕು ಅಂತ ಎರಡು ಚಳಿಗಾಲ ಕೆಮ್ಕೊಂಡು ಸಿಗರೇಟ್ ಸೇದಿದ್ರು.”

ಆಮೇಲೆ, “ಪರವಾಗಿಲ್ಲ ಬಿಡಿ,” ಎಂದು ನನ್ನನ್ನೇ ಸಮಾಧಾನ ಮಾಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಂದಿಗೂ ನೆನೆದರೆ ಸಂಕಟವಾಗುತ್ತದೆ.

ನನ್ನ ಕೈಯಲ್ಲಿ ಉಳಿಯದ ರೋಗಿಗಳಿದ್ದಾರೆ. ಆದರೆ ಅರವತ್ತು ವರ್ಷ ಗಟ್ಟಿಮುಟ್ಟಾಗಿದ್ದ ಹದ್ದನ್ನು ಪೂಜೆ ಮಾಡಿ ಕೊಂದ ಡಾಕ್ಟರ್ ನಾನೊಬ್ಬನೇ!