ಹಂಪಕ್ಕನನ್ನು ಚಿಕ್ಕದು ಮಾಡಿದ ಬಗ್ಗೆ

ಉಣ್ಣೆ ಮೇಳದ ಕಚೇರಿಯಲ್ಲಿ ಇ-ಮೇಲ್‌ಗಳನ್ನು ವಾಪಸ್ ಕಳಿಸುತ್ತಿರುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಹರಪನಹಳ್ಳಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಮರುಳಪ್ಪನ ಸಾಷ್ಟಾಂಗ ನಮಸ್ಕಾರಗಳು. ಊಟ, ನಿದ್ದೆ, ಸರ್ಕಾರಿ ರಜೆ ಯಾವುದರ ಹಂಗೂ ಇಲ್ಲದೆ ಎರಡೇ ನಿಮಿಷದಲ್ಲಿ ಉತ್ತರ ಬರೆಯುವ ಅಧಿಕಾರಿಯನ್ನು ನಾನು ಕಂಡದ್ದು ಇದೇ ಮೊದಲು. ಆ ಉತ್ತರ ಏಳು ಸಲವೂ ಒಂದೇ ಆಗಿತ್ತೆಂಬುದು ಬೇರೆ ಮಾತು: ಚಿತ್ರವು ದೊಡ್ಡದಾಗಿದೆ, ಐನೂರು ಕೆಬಿಯೊಳಗೆ ಚಿಕ್ಕದು ಮಾಡಿ ಕಳುಹಿಸಿ.

ಮೊದಲು ನನ್ನ ಕಸುಬನ್ನು ನಿವೇದಿಸಿಕೊಳ್ಳಬೇಕು. ದೊಡ್ಡದು ಮಾಡುವುದೇ ನನ್ನ ಕಸುಬು. ನಮ್ಮ ಕಡೆ ಜನರಿಗೆ ಬದುಕಿದ್ದಾಗ ಫೋಟೋ ಹೊಡೆಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ತೀರಿಕೊಂಡ ಮೇಲೆ ಮನೆಯವರು ಯಾವುದೋ ಮದುವೆಯ ಗುಂಪಿನ ಫೋಟೋ ತಂದು, ಮೂರನೇ ಸಾಲಿನಲ್ಲಿ ಅರ್ಧ ಮುಖ ಕಾಣುವವರನ್ನು ತೋರಿಸಿ, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎನ್ನುತ್ತಾರೆ. ನಾನು ಇಲ್ಲದ ಕಿವಿ ಬರೆದು, ಜೀವಮಾನದಲ್ಲಿ ಅಂಗಿಯ ಗುಂಡಿ ಹಾಕದವರಿಗೂ ಕೋಟು ತೊಡಿಸಿ ಕೊಟ್ಟಿದ್ದೇನೆ. ಚಿಕ್ಕದು ಮಾಡು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದವರಲ್ಲಿ ತಾವೇ ಮೊದಲಿಗರು, ಅದೂ ಬದುಕಿರುವ ಹಂಪಕ್ಕನ ವಿಷಯದಲ್ಲಿ. ಹಲವಾಗಲಿನ ಹಂಪಕ್ಕ ಅರವತ್ತು ವರ್ಷಗಳಿಂದ ಕುರಿಯ ಉಣ್ಣೆ ನೂಲುವಾಕೆ. ಆಕೆಯ ನೂಲಿನ ಕಂಬಳಿ ಹೊದ್ದು ಬೆಳೆದವರಲ್ಲಿ ನಾನೂ ಒಬ್ಬ. ಆಕೆಯ ಹೆಸರು ಮಾತ್ರ ಯಾವ ಕಂಬಳಿಯ ಮೇಲೂ ಇಲ್ಲ. ತಮ್ಮ ಮೇಳದಲ್ಲಿ ಕೂತು ನೂತು ತೋರಿಸುವವರು ಬೇಕಾಗಿದ್ದಾರೆ, ಶನಿವಾರದೊಳಗೆ ಫೋಟೋ ಕಳಿಸಿ ಎಂಬ ಪ್ರಕಟಣೆ ಬಂದಾಗ, ಈ ಕೆಲಸ ನನಗೆ ಬಿಡು ಎಂದು ಎದೆ ತಟ್ಟಿಕೊಂಡವನು ನಾನೇ.

ಫೋಟೋ ಚೆನ್ನಾಗಿಯೇ ಬಂದಿತ್ತು. ತಾವು ವಾಪಸ್ ಕಳಿಸಿದಿರಿ. ದೊಡ್ಡದಾಯಿತು ಎಂದರೆ ಹತ್ತಿರದಿಂದ ಹೊಡೆದದ್ದೇ ತಪ್ಪೆಂದು ತಿಳಿದ ನಾನು ಮತ್ತೆ ಹಲವಾಗಲಿಗೆ ಹೋಗಿ, ಆಕೆಯನ್ನು ಹೊಳೆಯ ಕಡೆಯ ಬಯಲಿನಲ್ಲಿ ಕೂರಿಸಿ, ಹಿಂದೆ ಹಿಂದೆ ಸರಿಯುತ್ತ ದಂಡೆ ಮುಟ್ಟಿದೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಂಗಭದ್ರೆ ನನ್ನನ್ನೇ ಚಿಕ್ಕದು ಮಾಡುತ್ತಿದ್ದಳು. ಹಂಪಕ್ಕ ಜೋಳದ ಕಾಳಿನಷ್ಟಾದಳು, ಜೊತೆಗೆ ನಲವತ್ತು ಕುರಿ ಬಂದವು, ಫೋಟೋದ ತೂಕ ಮೊದಲಿಗಿಂತ ಹೆಚ್ಚಾಯಿತು. ಆಮೇಲೆ ಪಾಸ್‌ಪೋರ್ಟ್ ಅಳತೆಗೆ ಪ್ರಿಂಟ್ ತೆಗೆದು, ಅದನ್ನು ಮೊಬೈಲಿನಲ್ಲಿ ಹೊಡೆದು ಕಳಿಸಿದೆ; ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಉಳಿದ ನಾಲ್ಕು ಪ್ರಯತ್ನಗಳನ್ನು ಮಾನಕ್ಕೆ ಅಂಜಿ ಇಲ್ಲಿ ಬರೆಯುತ್ತಿಲ್ಲ.

ಪಕ್ಕದಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ನಮ್ಮಣ್ಣನ ಮಗಳು ಶಿವಲೀಲಾ ಹೊಟ್ಟೆ ಹಿಡಿದುಕೊಂಡು ನಕ್ಕು, ಫೋಟೋದಲ್ಲಿ ತುಂಬಿರುವ ಚುಕ್ಕೆಗಳನ್ನು ಕಡಿಮೆ ಮಾಡಬೇಕು, ಆದರೆ ಮೊದಲು ಅಸಲನ್ನು ಎತ್ತಿಟ್ಟು ಕಾಪಿಯ ಮೇಲೆ ಮಾಡಬೇಕು ಎಂದು ಹೇಳಿಕೊಟ್ಟಳು. ಮೊದಲ ಅರ್ಧವನ್ನು ಕೇಳಿದೆ. ಎರಡನೆಯ ಅರ್ಧಕ್ಕೆ, ಇಪ್ಪತ್ತೇಳು ವರ್ಷದ ಅನುಭವಸ್ಥರು ಆಡಿಸುವಂತೆ, ತಲೆ ಆಡಿಸಿದೆ. ತಾವು ಐನೂರು ಕೇಳಿದ್ದಿರಿ. ವಿನಯ ಹೆಚ್ಚಾಗಿ ಅಸಲನ್ನೇ ನಲವತ್ತಕ್ಕೆ ಇಳಿಸಿದೆ. ತಾವು ಸ್ವೀಕರಿಸಿದಿರಿ. ನಾನು ಬೀದಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿ, ವಾಪಸ್ಸಾದ ಮೇಲ್‌ಗಳನ್ನು ನಾಚಿಕೆಯಿಂದ ಅಳಿಸಿ, ಬೆನಕಪ್ಪನವರ ಮನೆಯ ಮದುವೆಗೆಂದು ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದೆ.

ಮರುದಿನ ತಮ್ಮ ಪತ್ರ ಬಂತು. ಹಂಪಕ್ಕ ಆಯ್ಕೆಯಾಗಿದ್ದಾಳೆ; ಮೇಳದ ಬಾಗಿಲಿಗೆ ಆಕೆಯದೇ ಹತ್ತು ಅಡಿಯ ಚಿತ್ರ, ಕೆಳಗೆ ಹೆಸರು; ಆದರೆ ಕಳಿಸಿದ ಚಿತ್ರ ತೀರಾ ಚಿಕ್ಕದಾಗಿರುವುದರಿಂದ ಸೋಮವಾರದೊಳಗೆ ದೊಡ್ಡದನ್ನು ಕಳಿಸಬೇಕು, ತಪ್ಪಿದರೆ ಬೇರೆಯವರ ಚಿತ್ರ ಹಾಕಲಾಗುವುದು. ನನ್ನ ಬಳಿ ಇದ್ದದ್ದು ಆ ನಲವತ್ತು ಕೆಬಿ ಮಾತ್ರ. ದೊಡ್ಡದು ಮಾಡುವುದರಲ್ಲಿ ಹೆಸರಾದ ನಾನು ಎಷ್ಟು ದೊಡ್ಡದು ಮಾಡಿದರೂ ಬರೀ ಚೌಕಗಳೇ ಬಂದವು. ಕಿವಿಯನ್ನಾದರೆ ಬರೆದುಬಿಡುತ್ತಿದ್ದೆ, ಅರವತ್ತು ವರ್ಷ ನೂಲು ಹಾದು ಬೆರಳಿನಲ್ಲಿ ಬಿದ್ದಿರುವ ಗೆರೆಯನ್ನು ಬರೆಯಲು ಕೈ ಬರಲಿಲ್ಲ. ನನಗೆ ನಿಜಕ್ಕೂ ಅಳು ಬಂತು.

ತಪ್ಪೊಪ್ಪಿಕೊಳ್ಳಲು ಹಲವಾಗಲಿಗೆ ಹೋದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಪಣೆಯನ್ನೆಲ್ಲ ಹಂಪಕ್ಕ ನೂಲುತ್ತಲೇ ಕೇಳಿದಳು. ಕೊನೆಗೆ ಇಷ್ಟೇ ಅಂದಳು: "ಸತ್ತೋರ ಫೋಟೋ ಕಳದ್ರ ಅಳಬೇಕಪ್ಪ. ನಾನು ಇಲ್ಲೇ ಅದೀನಲ್ಲ, ಇನ್ನೊಂದು ಹೊಡಿ."

ಮಾನ್ಯರೇ, ನನ್ನ ಕಸುಬಿನಲ್ಲಿ ಇಂಥದೊಂದು ಸೌಕರ್ಯ ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಹತ್ತಿರ ಕೂತು, ಬೆರಳಿನ ಗೆರೆಯೂ ಕಾಣುವಂತೆ ಹೊಡೆದೆ. ಆದ್ದರಿಂದ, ಚಿಕ್ಕದು ಕೇಳುವ ತಾವು ಮತ್ತು ದೊಡ್ಡದು ಕೇಳುವ ತಾವು ಒಂದು ಸಲ ಎದುರುಬದುರು ಕೂತು ರಾಜಿ ಮಾಡಿಕೊಳ್ಳಬೇಕೆಂದೂ, ಕೆಬಿ ಎಂಬ ಅಳತೆಯನ್ನು ರದ್ದುಪಡಿಸಿ ಇನ್ನು ಮುಂದೆ ಒಂದು ಹಂಪಕ್ಕ, ಅರ್ಧ ಹಂಪಕ್ಕ ಎಂದು ಅಳೆಯಬೇಕೆಂದೂ ಪ್ರಾರ್ಥನೆ.

ಏಳು ಸಲ ವಾಪಸ್ಸಾದರೂ ಎಂಟನೆಯದಕ್ಕೆ ಸಿದ್ಧನಿರುವ
ತಮ್ಮ ವಿಶ್ವಾಸಿ,
ಮರುಳಪ್ಪ

ತಾ.ಕ.: ಹೊಸ ಫೋಟೋವನ್ನು ಈಗಷ್ಟೇ ಕಳಿಸಿದೆ, ಹನ್ನೊಂದು ಎಂಬಿ. ಕಾಪಿಗಳು ನಾಲ್ಕಿವೆ, ಒಂದು ಶಿವಲೀಲಾಳ ವಶದಲ್ಲಿದೆ. ಎರಡೇ ನಿಮಿಷದಲ್ಲಿ ತಮ್ಮ ಉತ್ತರವೂ ಬಂತು: ಚಿತ್ರವು ದೊಡ್ಡದಾಗಿದೆ. ಅದನ್ನು ಹಂಪಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಆಕೆ ಸೋಮವಾರದ ಮೊದಲ ಬಸ್ಸಿಗೆ ಖುದ್ದಾಗಿ ಹೊರಟಿದ್ದಾಳೆ. ಚಿಕ್ಕದಾಗಿ ಬಾ ಎಂದು ಆಕೆಗೆ ತಾವೇ ಹೇಳಿ.